ಶಿವರಾತ್ರಿ ಮುಗೀತು, ಹೋಳಿ ಇನ್ನೂ ಬಂದಿಲ್ಲ: ಈ ವಾರ ಸುಮ್ನೆ ಏನು ಮಾಡ್ತಿದ್ದೀರಿ?

ಹುಣಸೆಬೀಜ, ಮೈಸೂರು | ಸೋಮವಾರ, ಬೆಳಿಗ್ಗೆ 7:10

ಚಳಿ ಶಿವಶಿವಾ ಅಂತ ಓಡಿಹೋಯ್ತು. ಬಿಸಿಲು ಇನ್ನೂ ಬೈಸಿಕೊಳ್ಳುವಷ್ಟು ಏರಿಲ್ಲ. ಒಂದು ಹಬ್ಬ ಮುಗಿದಿದೆ, ಇನ್ನೊಂದಕ್ಕೆ ದಿನ ಇದೆ. ಊರಿಗೆ ಹೋಗೋಕೆ ನೆಪವೂ ಇಲ್ಲ. ಇಂಥ ವಾರದಲ್ಲಿ ಜನ ಮನೆಯಲ್ಲಿ ಏನು ಮಾಡ್ತಾರೆ ಅಂತ ಕೇಳಬೇಕು ಅನ್ನಿಸಿತು. ಪ್ರವಾಸದ ಫೋಟೋ, ಹೊಸ ಮೊಬೈಲಿನ ಸಮಾಚಾರ ಬೇಡ. ಕೈಗೆ ಏನು ಕೆಲಸ, ಸಂಜೆಗೆ ಏನು ಆಟ, ಬೀದಿಯಲ್ಲಿ ಏನು ಕಾಣಿಸ್ತಿದೆ, ಅಷ್ಟು ಸಾಕು.

ನಾನೇ ಶುರು ಮಾಡ್ತೀನಿ. ನಮ್ಮಲ್ಲಿ ವರ್ಷದ ಹುಣಸೆಹಣ್ಣು ಬಂದಿದೆ. ಹೊಸ ಹುಣಸೆ ಬರುವುದೇ ಈಗ. ಮಧ್ಯಾಹ್ನ ಊಟ ಆದಮೇಲೆ ನಡುಮನೆಯಲ್ಲಿ ಹಳೇ ಪಂಚೆ ಹಾಸಿ ಕೂರ್ತೀವಿ. ಓಡು ಬಿಡಿಸುವುದು ನಾನು, ನಾರು ತೆಗೆಯುವುದು ನಮ್ಮ ಮನೆಯವರು, ಬೀಜ ಕುಟ್ಟುವುದು ಯಾರು ಸಿಕ್ಕರೆ ಅವರು. ಬೀಜವನ್ನು ಬಿಸಾಡಲ್ಲ. ಚಪ್ಪಟೆಯಾಗಿರುವ ಒಳ್ಳೆ ನಾಲ್ಕು ಬೀಜ ಆರಿಸಿ, ಒಂದು ಮಗ್ಗುಲನ್ನು ಬಿಳಿ ಬರುವವರೆಗೂ ಕಲ್ಲಿಗೆ ತೇಯ್ದರೆ ಚೌಕಾಬಾರಾಕ್ಕೆ ಕವಡೆ ಆಯ್ತು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರಾ, ಅಂದರೆ 8. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಬಿಡಲ್ಲ. ಮೊಮ್ಮಗ ಈ ಕೊನೇ ನಿಯಮದ ವಿರುದ್ಧ ದಿನಾ ಜಗಳ ತೆಗೀತಾನೆ. ಅವನ ಅಜ್ಜಿ ಅವನ ಪರ. ಹಾಗಾಗಿ ನನ್ನದು ಒಂಟಿ ಹೋರಾಟ.

ಹೊಂಗೆ ನೆರಳು, ಬೆಂಗಳೂರು | ಸೋಮವಾರ, ಬೆಳಿಗ್ಗೆ 8:25

ಸಾರ್, ಬೆಂಗಳೂರಿಗೆ ವಸಂತ ಬಂದಾಯ್ತು! ನಮ್ಮ ರಸ್ತೆಯ ಗುಲಾಬಿ ಟಬೂಬಿಯಾ ಪೂರ್ತಿ ಅರಳಿದೆ. ಎಲೆ ಹುಡುಕಿದರೂ ಸಿಗಲ್ಲ, ಬರೀ ಹೂವು. ವಾಕಿಂಗ್‌ಗೆ ಬಂದವರು ವಾಕ್ ಮಾಡೋದೇ ಬಿಟ್ಟಿದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲು, ಕತ್ತು ಮೇಲಕ್ಕೆ.

ನಾನು ಆ ಗುಂಪನ್ನು ದಾಟಿ ಹೊಂಗೆ ಮರಗಳ ಕಡೆ ಹೋಗ್ತೀನಿ. ಯಾರೂ ತಲೆಯೆತ್ತಿ ನೋಡದ ಮರ ಅದು. ಆದರೆ ಈ ವಾರ ಅದರಷ್ಟು ಚಂದ ಯಾವುದೂ ಇಲ್ಲ ಅನ್ನೋದು ನನ್ನ ವಾದ. ಒಂದೇ ಸಾಲಿನ ಹೊಂಗೆಗಳು ಒಟ್ಟಿಗೆ ಎಲೆ ಉದುರಿಸಲ್ಲ. ಒಂದು ಬೋಳಾಗಿ ನಿಂತಿದ್ದರೆ ಪಕ್ಕದ್ದಕ್ಕೆ ಆಗಲೇ ತೆಳು ಹಸಿರು ಬಂದಿರುತ್ತೆ. ಅದರಾಚೆಯದು ಇನ್ನೂ ಹೋದ ವರ್ಷದ ಧೂಳು ಹೊತ್ತ ಎಲೆಯಲ್ಲೇ ಇರುತ್ತೆ. ನೀರು, ನೆರಳು, ಡಾಂಬರು ಎಲ್ಲಾ ಒಂದೇ ಆದರೂ ಹೀಗೆ. ಯಾವ ಮರ ಯಾವಾಗ ಚಿಗುರಿತು ಅಂತ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡ್ತೀನಿ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ, ಗೊತ್ತಾ? ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಇದೆಯಾ ಇಲ್ಲವಾ ಅಂತ ದಾಖಲಿಸುವುದು. ಶಾಲೆ ಮಕ್ಕಳೂ ಮಾಡ್ತಾರೆ. ನಾನೂ ಒಂದು ಹೊಂಗೆ ಹಿಡಿದುಕೊಂಡಿದ್ದೀನಿ.

ಪಂಚಾಂಗಪ್ರಿಯ, ನಂಜನಗೂಡು | ಸೋಮವಾರ, ಬೆಳಿಗ್ಗೆ 9:02

ಒಂದು ಸಣ್ಣ ತಿದ್ದುಪಡಿ. ವಸಂತ ಇನ್ನೂ ಬಂದಿಲ್ಲ. ಈಗ ಫಾಲ್ಗುಣ ಮಾಸ. ಮಾಘ, ಫಾಲ್ಗುಣ ಎರಡೂ ಶಿಶಿರ ಋತು. ಚೈತ್ರ, ವೈಶಾಖ ವಸಂತ. ಯುಗಾದಿವರೆಗೂ ದಯವಿಟ್ಟು ಕಾಯಿರಿ.

ಹೊಂಗೆ ನೆರಳು, ಬೆಂಗಳೂರು | ಸೋಮವಾರ, ಬೆಳಿಗ್ಗೆ 9:06

ಹಾಗಾದ್ರೆ ವಸಂತ ಪಂಚಮಿ ಮಾಘದಲ್ಲೇ ಯಾಕೆ ಬರುತ್ತೆ ಸಾರ್?

ಪಂಚಾಂಗಪ್ರಿಯ, ನಂಜನಗೂಡು | ಸೋಮವಾರ, ಬೆಳಿಗ್ಗೆ 9:40

ಒಳ್ಳೆಯ ಪ್ರಶ್ನೆ. ಉತ್ತರ ಯುಗಾದಿಗೆ ಕೊಡ್ತೀನಿ.

ಮುತ್ತುಗದೆಲೆ, ತುಮಕೂರು | ಸೋಮವಾರ, ಮಧ್ಯಾಹ್ನ 1:15

ಟಬೂಬಿಯಾ ಹೊಗಳಿದ್ದು ಸಾಕು ಅಂತ ನನ್ನ ಅಭಿಪ್ರಾಯ. ಅದು ಅಮೆರಿಕ ಖಂಡದ ಮರ. ನಮ್ಮ ಮುತ್ತುಗ ಈಗ ಬೆಂಕಿ ಬಣ್ಣಕ್ಕೆ ತಿರುಗಿದೆ, ಕೆಂಪು ಬೂರುಗ ಹೂ ಬಿಟ್ಟಿದೆ. ಅದಕ್ಕೆ ಒಬ್ಬರೂ ರೀಲ್ಸ್ ಮಾಡಲ್ಲ. ಬೂರುಗದ ಕೆಳಗೆ ಅರ್ಧ ಗಂಟೆ ನಿಂತರೆ ಹಕ್ಕಿ ನೋಡಲು ಕಾಡಿಗೆ ಹೋಗೋದೇ ಬೇಡ. ಮೈನಾ, ಕಾಗೆ, ಸೂರಕ್ಕಿ, ಅಳಿಲು, ಎಲ್ಲಾ ಒಂದೇ ಮರದಲ್ಲಿ. ಗುಲಾಬಿ ಕಬ್ಬಕ್ಕಿಗಳೂ ಇರುತ್ತವೆ. ಅವು ಮಧ್ಯ ಏಷ್ಯಾ ಕಡೆಯಿಂದ ಚಳಿಗಾಲಕ್ಕೆ ಬಂದವು. ಏಪ್ರಿಲ್ ಹೊತ್ತಿಗೆ ವಾಪಸ್ ಹೊರಟುಬಿಡ್ತವೆ. ನೋಡೋದಾದ್ರೆ ಈಗಲೇ ನೋಡಬೇಕು.

ಮುತ್ತುಗ ಅಂದ್ರೆ ನಮ್ಮ ಮನೇಲಿ ಊಟದ ಎಲೆ. ಅಜ್ಜಿ ಕಡ್ಡಿ ಚುಚ್ಚಿ ಎಲೆ ಹಚ್ಚೋದು ನೋಡಿ ಬೆಳೆದವನು ನಾನು. ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ, ಇರಲಿ.

ಹೊಂಗೆ ನೆರಳು, ಬೆಂಗಳೂರು | ಸೋಮವಾರ, ಸಂಜೆ 6:50

ಪಕ್ಷಪಾತ ನನಗೂ ಇದೆ. ಆದರೆ ಹೊರಗಿನ ಮರ ಅಂತ ತೆಗೆದರೆ ಬೆಂಗಳೂರಿನಲ್ಲಿ ಏನು ಉಳಿಯುತ್ತೆ? ಜಕರಾಂಡ, ಗುಲ್‌ಮೊಹರ್, ಮಳೆಮರ, ಯಾವುದೂ ನಮ್ಮವಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗೆಲ್ ಒಂದು ಲೆಕ್ಕಾಚಾರ ಇಟ್ಟುಕೊಂಡಿದ್ದರು. ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಜಾತಿ ಅರಳಬೇಕು, ಊರಿನಲ್ಲಿ ವರ್ಷವಿಡೀ ಯಾವುದೋ ಒಂದು ಮರದಲ್ಲಿ ಬಣ್ಣ ಇರಬೇಕು. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಬಡಾವಣೆಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದರು. ನಾವು ಇವತ್ತು ಫೋಟೋ ತೆಗೆಯೋದು ಇಂಥವರ ಲೆಕ್ಕಾಚಾರವನ್ನ.

ಮುತ್ತುಗವನ್ನ ಪಾರ್ಕಿನಲ್ಲಾದರೂ ನೆಡಬಹುದಿತ್ತು. ಅದನ್ನ ಒಪ್ತೀನಿ.

ಹೂಮಳೆ, ಮೂಡಿಗೆರೆ | ಸೋಮವಾರ, ರಾತ್ರಿ 8:30

ನೀವೆಲ್ಲ ಹೂ ನೋಡ್ತೀರಿ, ನಾವು ಆಕಾಶ ನೋಡ್ತೀವಿ. ಕಾಫಿ ತೋಟದಲ್ಲಿ ಈ ವಾರ ಕಾಲಹರಣ ಅಂದ್ರೆ ಅದೇ. ಸಂಜೆ ನಾಲ್ಕಕ್ಕೆ ಮೋಡ ಕಟ್ಟುತ್ತೆ, ಎಲ್ಲರೂ ಜಗಲಿಗೆ ಬರ್ತಾರೆ, ಆರಕ್ಕೆ ಮೋಡ ಚದುರುತ್ತೆ, ಎಲ್ಲರೂ ಒಳಗೆ ಹೋಗ್ತಾರೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಕಾಫಿ ಮೊಗ್ಗು ಗಿಡದಲ್ಲಿ ತಯಾರಾಗಿ ಕೂತಿರುತ್ತೆ. ಒಂದು ಹದವಾದ ಮಳೆ ಬೀಳಬೇಕು. ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತೆ, ಮಲ್ಲಿಗೆ ವಾಸನೆ ಮನೆಯೊಳಗೂ ಬರುತ್ತೆ. ಮೂರ್ನಾಲ್ಕು ದಿನ ಅಷ್ಟೇ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. ಅರ್ಧಂಬರ್ಧ ಮಳೆ ಬಂದರೆ ಮೊಗ್ಗು ಅರಳದೆ ಹಾಳಾಗುತ್ತೆ. ಬರದೇ ಇರೋದಕ್ಕಿಂತ ಅದು ಕಷ್ಟ. ಹೂವಾದ ಮೇಲೆ ಕೆಲವು ವಾರದಲ್ಲಿ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಕಟ್ಟಲ್ಲ. ರೊಬಸ್ಟಾ ಇದ್ದವರು ಕಾಯುವುದಿಲ್ಲ. ಕೆರೆಯಲ್ಲಿ ನೀರಿದ್ದರೆ ಸ್ಪ್ರಿಂಕ್ಲರ್ ಹಾಕಿಬಿಡ್ತಾರೆ. ರಾತ್ರಿಯೆಲ್ಲಾ ಮೋಟಾರ್ ಸದ್ದು. ನಮ್ಮದು ಜಾಸ್ತಿ ಅರೇಬಿಕಾ, ಹಾಗಾಗಿ ಮಾರ್ಚ್ ಪೂರ್ತಿ ಜಗಲಿಯೇ ಗತಿ.

ಜಗಲಿಯಲ್ಲಿ ಕೂತು ಏನು ಮಾಡ್ತೀರಿ ಅಂದ್ರೆ, ಅತ್ತೆ ಕಾಳುಮೆಣಸು ಆರಿಸ್ತಾರೆ, ಯಜಮಾನರು ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರ ತೋಟಕ್ಕೆ ಎಷ್ಟು ಸೆಂಟು ಮಳೆ ಬಿತ್ತು ಅಂತ ಓದ್ತಾರೆ. ಇಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲೇ, ನೂರು ಸೆಂಟು ಅಂದ್ರೆ ಒಂದು ಇಂಚು. ಪಕ್ಕದ ಊರಿಗೆ 80 ಸೆಂಟು ಬಿದ್ದು ನಮಗೆ ಸೊನ್ನೆ ಅಂದ್ರೆ ಅವತ್ತು ರಾತ್ರಿ ಊಟಕ್ಕೆ ಮಾತೇ ಇರಲ್ಲ.

ಹಲಗಿ ಸಪ್ಪಳ, ಬಾಗಲಕೋಟೆ | ಸೋಮವಾರ, ರಾತ್ರಿ 9:15

ನಮ್ಮಲ್ಲಿ ಈ ವಾರ ಕಟ್ಟಿಗಿ ಕಾಯೋದೇ ಕೆಲಸ ನೋಡ್ರಿ. ಕಾಮಣ್ಣನ ಸುಡಾಕ ಹುಡುಗರು ಹಿತ್ತಲಿಗೆ ಬರ್ತಾರೆ. ಕುಳ್ಳು, ಮುರುಕು ಬಾಗಿಲು, ಹಳೇ ಕುರ್ಚಿ, ಏನು ಸಿಕ್ಕರೂ ಹೊತ್ತುಕೊಂಡು ಓಡ್ತಾರೆ. ಬೈದರೆ ಇನ್ನೂ ಜೋರಾಗಿ ಬಾಯಿ ಬಡ್ಕೋತಾರೆ. ಅದು ಹಬ್ಬದ ಪದ್ಧತಿ, ಕೇಳೋ ಹಂಗಿಲ್ಲ. ನಾವೂ ಹಂಗೇ ಮಾಡಿದವರು.

ಸಂಜೆ ಆದರೆ ಹಲಗಿ ಶುರು. ಚರ್ಮದ ಹಲಗಿ ಬೆಂಕಿಗೆ ಕಾಯಿಸಿ ಬಾರಿಸಿದರೆ ಆ ನಾದವೇ ಬ್ಯಾರೆ. ಈಗ ಪ್ಲಾಸ್ಟಿಕ್ ಹಲಗಿ ಬಂದಾವು. ಕಾಯಿಸೋ ಕೆಲಸ ಇಲ್ಲ, ಖರೇ, ಆದರೆ ನನ್ನ ಕಿವಿಗೆ ಅದು ಹಿಡಿಸೋದಿಲ್ಲ. ಓಣಿ ಓಣಿಗೆ ಪೈಪೋಟಿ. ರಾತ್ರಿ ಓದೋ ಹುಡುಗರಿಗೆ ತ್ರಾಸು ಅಂತ ಹಿರಿಯರು ಹೊತ್ತು ಗೊತ್ತು ಮಾಡಿದ್ದಾರೆ. ಹತ್ತಕ್ಕೆ ಬಂದ್.

ನಮ್ಮ ಅವ್ವ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಕೌದಿ ಹೊಲೀತಾಳೆ. ಹಳೇ ಸೀರಿ, ಧೋತರ, ಮಕ್ಕಳ ಅಂಗಿ ಎಲ್ಲಾ ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಸುತ್ತಲಿಂದ ಒಳಗೆ ಟಾಕಾ ಹಾಕ್ಕೊಂಡು ಬರೋದು. ಓಣಿಯ ಹೆಣ್ಮಕ್ಕಳು ಒಬ್ಬೊಬ್ಬರು ಒಂದೊಂದು ಮೂಲಿ ಹಿಡಿದು ಕೂಡ್ತಾರೆ. ಯಾರ ಮನಿ ಸುದ್ದಿ ಯಾವ ಮೂಲಿಯಿಂದ ಹೊರಡುತ್ತೋ ಹೇಳಾಕ ಆಗಂಗಿಲ್ಲ.

ಪರೀಕ್ಷೆ ಅಮ್ಮ, ದಾವಣಗೆರೆ | ಮಂಗಳವಾರ, ಬೆಳಿಗ್ಗೆ 10:35

ಹತ್ತಕ್ಕೆ ಬಂದ್ ಮಾಡಿಸಿದ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ ಅಣ್ಣ. ಮಗಳಿಗೆ ಎರಡನೇ ಪಿಯುಸಿ ಪರೀಕ್ಷೆ. ಈಗ ಕೇಂದ್ರದ ಹೊರಗೆ ಬೇವಿನ ಮರದ ಕೆಳಗೆ ಕೂತು ಇದನ್ನ ಬರೀತಿದ್ದೀನಿ. ಹತ್ತರಿಂದ ಒಂದು ಗಂಟೆವರೆಗೆ ಇಲ್ಲೇ. ಮನೆಗೆ ಹೋಗಿ ಬರಬಹುದು, ಆದರೆ ಯಾರೂ ಹೋಗಲ್ಲ. ಅಪ್ಪಂದಿರು ಸ್ಕೂಟರ್ ಮೇಲೆ ಪೇಪರ್ ಓದ್ತಾರೆ. ಅಮ್ಮಂದಿರು ಮೊದಲ ದಿನ ಮಕ್ಕಳ ಅಂಕದ ಬಗ್ಗೆ ಮಾತಾಡಿದ್ರು, ಈಗ ಸಂಡಿಗೆಗೆ ಬಂದಿದ್ದೀವಿ.

ಅದಕ್ಕೇ ಕೇಳೋಣ ಅಂತ ಬಂದೆ. ಹೋದ ವರ್ಷ ನನ್ನ ಅಕ್ಕಿ ಸಂಡಿಗೆ ಕರಿದಾಗ ಉಪ್ಪೋ ಉಪ್ಪು. ಹಿಟ್ಟಿನಲ್ಲಿ ರುಚಿ ನೋಡಿದಾಗ ಸರಿಯಾಗೇ ಇತ್ತು. ಏನು ಕಾರಣ?

ಹುಣಸೆಬೀಜ, ಮೈಸೂರು | ಮಂಗಳವಾರ, ಬೆಳಿಗ್ಗೆ 11:20

ನಮ್ಮ ಮನೆಯವರು ಪಕ್ಕದಲ್ಲೇ ಇದ್ದಾರೆ, ಅವರು ಹೇಳಿದ್ದನ್ನ ಬರೀತಿದ್ದೀನಿ. ಹಿಟ್ಟಿನಲ್ಲಿ ಸರಿ ಇದ್ದರೆ ಒಣಗಿದ ಮೇಲೆ ಜಾಸ್ತಿ ಆಗೇ ಆಗುತ್ತೆ. ನೀರು ಹೋಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಹಿಟ್ಟು ಸ್ವಲ್ಪ ಸಪ್ಪೆ ಅನ್ನಿಸಬೇಕು. ಹಸಿಮೆಣಸಿನಕಾಯಿಗೂ ಅದೇ ಮಾತು. ಜೀರಿಗೆ, ಇಂಗು ಧಾರಾಳವಾಗಿ ಹಾಕಬಹುದು. ಹಿಟ್ಟು ಬಿಸಿಯಿದ್ದಾಗಲೇ ಚಕ್ಕುಲಿ ಒರಳಿಗೆ ತುಂಬಿ ಒತ್ತಬೇಕು, ಆರಿದರೆ ಕೈ ನೋಯುತ್ತೆ. ಬೆಳಿಗ್ಗೆ ಎಂಟರೊಳಗೆ ತಾರಸಿ ಕೆಲಸ ಮುಗಿಸಿ. ಪ್ಲಾಸ್ಟಿಕ್ ಹಾಳೆಗಿಂತ ಹಳೇ ಕಾಟನ್ ಸೀರೆ ವಾಸಿ. ಬಟ್ಟೆ ಹಿಂದೆ ನೀರು ಚಿಮುಕಿಸಿದರೆ ಸಂಡಿಗೆ ತಾನಾಗೇ ಬಿಡುತ್ತೆ. ಕಾಗೆಗೆ ಕಪ್ಪು ಕೊಡೆ ಬಿಚ್ಚಿಡಿ.

ಇನ್ನೂ ಒಂದು. ಯುಗಾದಿ ಆಚೆಗೆ ಮುಂದೂಡಬೇಡಿ. ಆಮೇಲೆ ಮಧ್ಯಾಹ್ನದ ಮಳೆ ಶುರುವಾದರೆ ಸಂಡಿಗೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಇಳಿಯೋದೇ ಆಗುತ್ತೆ.

ಪರೀಕ್ಷೆ ಅಮ್ಮ, ದಾವಣಗೆರೆ | ಮಂಗಳವಾರ, ಬೆಳಿಗ್ಗೆ 11:31

ಅಮ್ಮನವರಿಗೆ ಥ್ಯಾಂಕ್ಸ್ ಹೇಳಿ ಸಾರ್. ಇಲ್ಲಿ ಜೋರಾಗಿ ಓದಿ ಹೇಳಿದೆ. ಕೆಲವರು ಬರಕೊಂಡ್ರು, ಒಬ್ರು ಇಂಗು ಬೇಡ ಅಂತ ವಾದ ಮಾಡ್ತಿದ್ದಾರೆ.

ಗೇರುಮರ, ಉಳ್ಳಾಲ | ಮಂಗಳವಾರ, ಸಂಜೆ 5:20

ನಮ್ಮಲ್ಲಿ ರಂಜಾನ್ ಶುರುವಾಗಿದೆ ಮಾರಾಯ್ರೆ. ಉಪವಾಸ ಬಿಡಲು ಇನ್ನೂ ಹೊತ್ತಿದೆ, ಅದಕ್ಕೇ ಇಲ್ಲಿ ನಿಮ್ಮ ಸಂಡಿಗೆ ಓದಿ ಹೊಟ್ಟೆ ಉರಿಸಿಕೊಳ್ತಿದ್ದೇನೆ. ಬೆಳಗಿನ ಜಾವ ಸಹರಿಗೆ ಎದ್ದವರು ಮತ್ತೆ ಮಲಗೋದಿಲ್ಲ. ನಮಾಜ್ ಮುಗಿಸಿ ಹೊರಗೆ ಬಂದರೆ ಕೋಗಿಲೆ ಕೂಗು. ಇಡೀ ಬೀದಿಯಲ್ಲಿ ಅದೊಂದೇ ಸದ್ದು. ನನ್ನ ತಂಗಿ ಅದರ ಕೂಗಿಗೆ ಉತ್ತರ ಕೊಡ್ತಾಳೆ. ಇವಳು ಕೂಗಿದಷ್ಟೂ ಅದು ಇನ್ನೂ ಎತ್ತರಕ್ಕೆ ಹೋಗ್ತದೆ. ಅಮ್ಮ ಬೈದ ಮೇಲೆ ಇಬ್ಬರೂ ನಿಲ್ಲಿಸ್ತಾರೆ.

ಹಿತ್ತಲಲ್ಲಿ ಗೇರುಹಣ್ಣು ಬೀಳಲು ಶುರುವಾಗಿದೆ. ಹಣ್ಣಿನ ವಾಸನೆ ಉಪವಾಸದವನಿಗೆ ದೊಡ್ಡ ಪರೀಕ್ಷೆ. ಮಕ್ಕಳು ಬೀಜ ಕೂಡಿಟ್ಟಿದ್ದಾರೆ, ಭಾನುವಾರ ಸುಡುವ ಕಾರ್ಯಕ್ರಮ. ತಳಕ್ಕೆ ತೂತು ಹೊಡೆದ ಹಳೇ ಡಬ್ಬ, ಕೆಳಗೆ ತೆಂಗಿನ ಸೋಗೆಯ ಬೆಂಕಿ. ಸಿಪ್ಪೆಯಲ್ಲಿರುವ ಎಣ್ಣೆ ಹೊತ್ತಿಕೊಂಡು ಚಟಪಟ ಸಿಡಿಯುತ್ತೆ, ಅದು ಚರ್ಮಕ್ಕೆ ತಾಗಿದರೆ ಸುಟ್ಟ ಗಾಯವೇ. ಹಾಗಾಗಿ ಉದ್ದ ಕೋಲು ನನ್ನ ಕೈಯಲ್ಲಿ, ಮಕ್ಕಳು ಬಾವಿಕಟ್ಟೆಯಿಂದ ಈಚೆ ಬರುವಂತಿಲ್ಲ. ಹೊತ್ತಿಕೊಂಡ ಬೀಜದ ಮೇಲೆ ಬೂದಿ ಎರಚಿ, ಆರಿದ ಮೇಲೆ ಕಲ್ಲಿನಿಂದ ಒಡೆಯುವುದು. ಅಂಗಡಿಯ ಬಿಳಿ ಗೇರುಬೀಜಕ್ಕೆ ಆ ರುಚಿ ಬರೋದಿಲ್ಲ. ಟಬೂಬಿಯಾ ಜಗಳ ಮಾಡುವವರಿಗೆ ಒಂದು ಮಾತು: ಗೇರುಮರವೂ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ನಮ್ಮ ಕರಾವಳಿಯಿಂದ ಅದನ್ನು ವಾಪಸ್ ಕಳಿಸ್ತೀರಾ?

ರಾತ್ರಿ ತರಾವೀಹ್ ನಮಾಜ್ ಮುಗಿದ ಮೇಲೆ ಹುಡುಗರದ್ದು ಕೇರಂ. ಬಲ್ಬಿನ ಕೆಳಗೆ ಬೋರಿಕ್ ಪೌಡರ್ ಹಾಕಿ ಹನ್ನೊಂದೂವರೆವರೆಗೂ ಆಡ್ತಾರೆ.

ಮುತ್ತುಗದೆಲೆ, ತುಮಕೂರು | ಮಂಗಳವಾರ, ಸಂಜೆ 5:48

ಗೇರುಬೀಜದ ವಿಷಯದಲ್ಲಿ ನಾನು ಸೋತೆ. ಟಬೂಬಿಯಾ ವಿಷಯದಲ್ಲಿ ಇಲ್ಲ.

ಹೊಂಗೆ ನೆರಳು, ಬೆಂಗಳೂರು | ಮಂಗಳವಾರ, ಸಂಜೆ 6:05

ತಂಗಿಗೆ ಹೇಳಿ, ಅಷ್ಟು ಎತ್ತರಕ್ಕೆ ಕುಹೂ ಅನ್ನುವುದು ಗಂಡು. ಅವನು ಪೂರ್ತಿ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆ, ಅವಳದು ಕಿಕ್ ಕಿಕ್ ಅಂತ ಚೂಪು ಸದ್ದು ಮಾತ್ರ. ತಂಗಿಯ ಕೂಗಿಗೆ ಅದು ಉತ್ತರ ಕೊಡ್ತಿಲ್ಲ. ಇನ್ನೊಂದು ಗಂಡು ತನ್ನ ಜಾಗಕ್ಕೆ ಬಂದಿದೆ ಅಂತ ಜಗಳಕ್ಕೆ ನಿಂತಿದೆ.

ಗೇರುಮರ, ಉಳ್ಳಾಲ | ಮಂಗಳವಾರ, ರಾತ್ರಿ 10:10

ಹೇಳಿದೆ. ನಾಳೆಯಿಂದ ಇನ್ನೂ ಜೋರಾಗಿ ಕೂಗ್ತಾಳಂತೆ.

ಮಿಡಿ ಭರಣಿ, ಶಿರಸಿ | ಬುಧವಾರ, ಬೆಳಿಗ್ಗೆ 8:00

ಮೈಸೂರು ಸಾರ್, ಚೌಕಾಬಾರಾ ಸರಿ. ಅಳಗುಳಿಮಣೆ ಇಳಿಸಿಲ್ಲವಾ?

ನಮ್ಮಲ್ಲಿ ಈಗ ಎಲ್ಲರ ಬಾಯಲ್ಲೂ ಅಪ್ಪೆಮಿಡಿ, ಅಂದ್ರೆ ಉಪ್ಪಿನಕಾಯಿ ಹಾಕುವ ಪರಿಮಳದ ಮಾವಿನಮಿಡಿ. ಈ ಸಲ ಯಾವ ಹೊಳೆಬದಿಯ ಮರ ಬಿಟ್ಟಿದೆ, ಯಾವುದು ಕೈಕೊಟ್ಟಿದೆ, ಇಬ್ಬನಿಗೆ ಹೂ ಕರಗಿತಾ, ಇದೇ ಮಾತು. ಮಿಡಿ ಕೊಳ್ಳುವುದು ಒಂದು ವಿದ್ಯೆ. ನಮ್ಮ ದೊಡ್ಡಪ್ಪ ಸಂತೆಯಲ್ಲಿ ಒಂದು ಮಿಡಿ ಎತ್ತಿ ತೊಟ್ಟು ಮುರಿದು ಸೊನೆ ಮೂಸ್ತಾರೆ. ಜೀರಿಗೆ ಪರಿಮಳದ್ದು ಒಂದು, ಕರ್ಪೂರದ ವಾಸನೆಯದು ಒಂದು. ಮೂಸಿ ಮುಖ ಸಣ್ಣಗೆ ಮಾಡಿದ್ರೆ ಮಾರುವವನಿಗೆ ಬೆಲೆ ಇಳಿಸಬೇಕು ಅಂತ ಗೊತ್ತಾಗುತ್ತೆ. ಅನಂತಭಟ್ಟನ ಅಪ್ಪೆ ಅನ್ನೋ ತಳಿ ಅಂದ್ರೆ ಯಾರೂ ಚೌಕಾಸಿ ಮಾಡಲ್ಲ, ಸಿಕ್ಕಿದ್ದೇ ಪುಣ್ಯ. 2009ರಲ್ಲಿ ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಅದರಿಂದ ದೊಡ್ಡಪ್ಪನ ಮೂಗಿಗೆ ಏನೂ ವ್ಯತ್ಯಾಸ ಆಗಿಲ್ಲ.

ಕೊಯ್ಯುವುದೂ ಹಾಗೆ. ನೆಲಕ್ಕೆ ಬಿದ್ದ ಮಿಡಿ ಬೇಡ, ಪೆಟ್ಟಾದದ್ದು ಭರಣಿಯಲ್ಲಿ ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತೆ. ತೊಟ್ಟು ಸ್ವಲ್ಪ ಬಿಟ್ಟು ಕತ್ತರಿಸಿ, ಒರೆಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಮಿಡಿ ಸುಕ್ಕಾಗಿ ತನ್ನದೇ ನೀರು ಬಿಟ್ಟ ಮೇಲೆ ಸಾಸಿವೆ, ಮೆಣಸಿನಪುಡಿ ಅರೆದು ಹಾಕುವುದು. ನೀರು ತಾಗಿದ ಸೌಟು ಇಟ್ಟರೆ ಅಮ್ಮ ಮನೆಯಿಂದ ಹೊರಗೆ ಹಾಕ್ತಾರೆ.

ರಾತ್ರಿ ತಮಟೆ ಸದ್ದು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ. ಈ ಸಲ ವೇಷದ ವರ್ಷ. ನವಿಲುಗರಿ ಕಟ್ಟಿಕೊಂಡ ಬೇಡ, ಹಿಂದಿನಿಂದ ಹಗ್ಗ ಹಿಡಿಯುವ ಇಬ್ಬರು, ಮುಂದೆ ತಮಟೆ. ಹುಡುಗರು ಕೆಲಸ ಮುಗಿಸಿ ಬಂದು ಗದ್ದೆಬಯಲಲ್ಲಿ ಹೆಜ್ಜೆ ಕಲೀತಿದ್ದಾರೆ. ವೇಷದ ರಾತ್ರಿಗಿಂತ ನನಗೆ ಈ ಅಭ್ಯಾಸ ನೋಡೋದೇ ಖುಷಿ. ಹೆಜ್ಜೆ ತಪ್ಪಿದವನಿಗೆ ಹಳೇ ಬೇಡರು ದಂಡೆ ಮೇಲೆ ಕೂತು ಮಾಡುವ ಗೇಲಿ ಇದೆಯಲ್ಲ, ಅದಕ್ಕೆ ಟಿಕೆಟ್ ಇಡಬಹುದು.

ಗೇರುಮರ, ಉಳ್ಳಾಲ | ಬುಧವಾರ, ಮಧ್ಯಾಹ್ನ 2:30

ಈಗ ಅಳಗುಳಿಮಣೆಯಾ? ನಮ್ಮ ತುಳುನಾಡಿನಲ್ಲಿ ಚೆನ್ನೆಮಣೆ ಆಟಿ ತಿಂಗಳ ಆಟ. ಹೊರಗೆ ಜಡಿಮಳೆ, ಗದ್ದೆ ಕೆಲಸ ಇಲ್ಲ, ಆಗ ಅಟ್ಟದಿಂದ ಇಳಿಸ್ತಾರೆ. ಬೇರೆ ಕಾಲದಲ್ಲಿ ಆಡಬಾರದು ಅಂತ ನೆರೆಮನೆಯ ಅಜ್ಜಿ ಮಣೆ ಮುಟ್ಟಲಿಕ್ಕೂ ಬಿಡುತ್ತಿರಲಿಲ್ಲ.

ಹುಣಸೆಬೀಜ, ಮೈಸೂರು | ಬುಧವಾರ, ಸಂಜೆ 4:40

ಮೈಸೂರಿನಲ್ಲಿ ಅಂಥ ಕಟ್ಟುಪಾಡು ಇಲ್ಲ. ಹದಿನಾಲ್ಕು ಗುಳಿ, ಕಾಳು ಇದ್ದರೆ ಆಯ್ತು. ಆದರೆ ನಾನು ಅದನ್ನ ಆಡಲ್ಲ. ನಮ್ಮ ಮನೆಯವರು ಗುಳಿಗಳನ್ನ ಕಣ್ಣಲ್ಲೇ ಎಣಿಸಿಬಿಡ್ತಾರೆ. ಕವಡೆಯಲ್ಲಿ ಅದೃಷ್ಟಕ್ಕಾದರೂ ಒಂದಿಷ್ಟು ಜಾಗ ಇದೆ.

ಬೆಳಗಿನ ಚಟ ಪದಬಂಧ. ಪೇಪರ್ ಬಂದ ತಕ್ಷಣ ಆ ಪುಟ ನನಗೆ, ಉಳಿದ ಲೋಕದ ಸುದ್ದಿ ಮನೆಯವರಿಗೆ. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ, ಒತ್ತಕ್ಷರ ಬಂದರೂ ಅದು ಒಂದೇ ಮನೆಯಲ್ಲಿ ಕೂರಬೇಕು. ಎಡದಿಂದ ಬಲಕ್ಕೆ ಬಂದ ‘ಸ್ತ್ರೀ’ ಮೇಲಿನಿಂದ ಕೆಳಗಿನ ಪದಕ್ಕೂ ಸರಿಹೋಗಬೇಕು ಅಂದ್ರೆ ಕಟ್ಟುವವರ ಕಷ್ಟ ಊಹಿಸಿ. ಪರೀಕ್ಷೆ ಕೇಂದ್ರದ ಹೊರಗೆ ಕೂತ ಅಪ್ಪಂದಿರಿಗೆ ನನ್ನದೇ ಎರಡು ಸುಳಿವು ಕೊಡ್ತೀನಿ:

ಕಾಡು ತಿರುಗಿದರೆ ಹೊಸದು (2)
ಕೊರಳಲ್ಲಿದ್ದದ್ದು ತಿರುಗಿ ಗಾಣದಿಂದ ಸುರಿಯಿತು (2)

ಪರೀಕ್ಷೆ ಅಮ್ಮ, ದಾವಣಗೆರೆ | ಗುರುವಾರ, ಬೆಳಿಗ್ಗೆ 11:15

ಮೊದಲನೆಯದು ‘ವನ’ ತಿರುಗಿಸಿದರೆ ‘ನವ’. ಸ್ಕೂಟರ್ ಮೇಲಿದ್ದ ಒಬ್ಬ ಅಪ್ಪ ಹೇಳಿದ್ರು. ಎರಡನೆಯದಕ್ಕೆ ಇಲ್ಲಿ ಮೂರು ಗುಂಪಾಗಿದೆ.

ಜೋನಿಬೆಲ್ಲ, ಟೊರಾಂಟೊ | ಗುರುವಾರ, ಸಂಜೆ 6:30 (ನಮ್ಮಲ್ಲಿ ಬೆಳಿಗ್ಗೆ 8:00)

‘ಸರ’, ‘ರಸ’. ಗಾಣ ಅಂದ ತಕ್ಷಣ ನನಗೆ ಹೊಳೆಯದೆ ಇರುತ್ತಾ? ಹುಟ್ಟಿದ್ದು ಸಾಗರದ ಹತ್ತಿರ.

ಇಲ್ಲಿ ಹೊಂಗೆ ಇಲ್ಲ, ಕೋಗಿಲೆ ಇಲ್ಲ, ಬೀದಿಬದಿಯಲ್ಲಿ ಕಪ್ಪಾದ ಹಿಮದ ರಾಶಿ ಇದೆ. ಆದರೂ ಏನೋ ಬದಲಾಗಿದೆ. ಮಧ್ಯಾಹ್ನ ಸೂರಿನಿಂದ ನೀರು ತೊಟ್ಟಿಕ್ಕುತ್ತೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತೆ. ಮೇಪಲ್ ಮರದಿಂದ ರಸ ಇಳಿಸುವವರಿಗೆ ಬೇಕಾದ್ದು ಇದೇ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಮೇಲೆ. ಹಾಗೆ ಏರಿಳಿದಾಗಲೇ ಕಾಂಡದೊಳಗೆ ಒತ್ತಡ ಹುಟ್ಟಿ ರಸ ಹೊರಗೆ ಬರುವುದು. ಮೊಗ್ಗು ಒಡೆದರೆ ರಸದ ರುಚಿ ಕೆಡುತ್ತೆ, ಅಲ್ಲಿಗೆ ಸೀಸನ್ ಮುಗೀತು.

ಹೋದ ಶನಿವಾರ ಮಕ್ಕಳನ್ನ ಅಂಥ ಒಂದು ತೋಪಿಗೆ ಕರಕೊಂಡು ಹೋಗಿದ್ದೆವು. ದೊಡ್ಡ ಅಗಲದ ಬಾಣಲೆ, ಕೆಳಗೆ ಸೌದೆ ಬೆಂಕಿ, ಮೇಲೆ ಆವಿ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಪಾಕ. ಇದು ಆಲೆಮನೆಯೇ, ಕಬ್ಬಿನ ಜಾಗದಲ್ಲಿ ಮರ ಅಷ್ಟೇ. ಅಲ್ಲಿ ಬಿಸಿ ಪಾಕವನ್ನ ಹಿಮದ ಮೇಲೆ ಸುರಿದು, ಕಡ್ಡಿಗೆ ಸುತ್ತಿ ಕೊಡ್ತಾರೆ. ಮಗ ಕೇಳಿದ, ನಿಮ್ಮ ಅಜ್ಜಿಯೂ ಹೀಗೇ ಕೊಡ್ತಿದ್ರಾ ಅಂತ. ಹಿಮ ಇರಲಿಲ್ಲ, ಹಾಳೆ ತುಂಡಿನಲ್ಲಿ ನೊರೆಬೆಲ್ಲ ಕೊಡ್ತಿದ್ರು ಅಂದೆ. ಆಮೇಲೆ ಅಡಿಕೆ ಹಾಳೆ ಅಂದ್ರೇನು ಅಂತ ವಿವರಿಸೋದರಲ್ಲೇ ಮನೆ ಬಂತು.

ಮಿಡಿ ಭರಣಿ, ಶಿರಸಿ | ಗುರುವಾರ, ರಾತ್ರಿ 8:45

ಅಣ್ಣಾ, ಹಾಳೆ ಬಿಡಿ. ಆ ಪಾಕದಲ್ಲಿ ನಮ್ಮ ತೆಳು ಸಿಹಿ ತಿಂಡಿ ತೊಡೆದೇವು ಆಗುತ್ತಾ ನೋಡಿ. ಮಡಕೆ ಬೋರಲು ಹಾಕಿ ಬಟ್ಟೆಯಲ್ಲಿ ಹಿಟ್ಟು ಎಳೆಯೋದು ಗೊತ್ತಲ್ಲ? ಕಬ್ಬಿನಹಾಲಿನ ಬದಲು ಆ ಮೇಪಲ್ ರಸ.

ಜೋನಿಬೆಲ್ಲ, ಟೊರಾಂಟೊ | ಶುಕ್ರವಾರ, ಬೆಳಿಗ್ಗೆ 6:15

ಇಲ್ಲಿ ಮಡಕೆ ಎಲ್ಲಿ ತರಲಿ ಮಾರಾಯ. ಕಬ್ಬಿಣದ ಬಾಣಲೆ ಬೋರಲು ಹಾಕಿ ನೋಡ್ತೀನಿ. ಹೊಗೆ ಅಲಾರಂ ಕೂಗಿಕೊಂಡರೆ ನೀನೇ ಹೊಣೆ.

ಅಂದಹಾಗೆ, ಈ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ. ರಾತ್ರಿ ಎರಡಾಗುತ್ತಿದ್ದಂತೆ ಮೂರು. ಊರಿಗೂ ನಮಗೂ ಹತ್ತೂವರೆ ಗಂಟೆ ಇದ್ದ ಅಂತರ ಒಂಬತ್ತೂವರೆ ಆಗುತ್ತೆ. ಅಮ್ಮನಿಗೆ ಇದನ್ನ ಪ್ರತಿ ವರ್ಷ ಫೋನಿನಲ್ಲಿ ವಿವರಿಸ್ತೀನಿ. ‘ನೀನು ಫೋನು ಮಾಡು, ನಾನು ಎತ್ತುತ್ತೀನಿ, ಗಡಿಯಾರದ್ದು ನಿಮ್ಮ ಸರ್ಕಾರ ನೋಡ್ಕೊಳ್ಳಲಿ’ ಅಂತಾರೆ.

ಪಂಚಾಂಗಪ್ರಿಯ, ನಂಜನಗೂಡು | ಶುಕ್ರವಾರ, ಬೆಳಿಗ್ಗೆ 9:20

ಸರ್ಕಾರ ಗಡಿಯಾರವನ್ನೇ ಸರಿಸಬಹುದಾದರೆ, ಇಲ್ಲಿರುವವರು ಋತುವನ್ನ ಒಂದು ಮಾಸ ಸರಿಸಿದ್ದಕ್ಕೆ ನಾನು ಯಾಕೆ ತಕರಾರು ಮಾಡಲಿ. ನಮ್ಮ ಹಿತ್ತಲಿನ ಬೇವಿಗೆ ಮೊಗ್ಗು ಕಂಡಿದೆ. ಯುಗಾದಿಯ ಬೇವುಬೆಲ್ಲಕ್ಕೆ ಹೂ ಸಿಗುವ ಲಕ್ಷಣ. ಅಧಿಕೃತವಾಗಿ ಈಗಲೂ ಶಿಶಿರವೇ.

ಹೂಮಳೆ, ಮೂಡಿಗೆರೆ | ಶನಿವಾರ, ಬೆಳಿಗ್ಗೆ 6:40

ಬಂತು! ನಿನ್ನೆ ರಾತ್ರಿ ಗುಡುಗು ಸಮೇತ ಬಂತು. ಯಜಮಾನರು ಟಾರ್ಚ್ ಹಿಡಿದು ಮಳೆಮಾಪಕ ನೋಡೋಕೆ ಅಂಗಳಕ್ಕೆ ಓಡಿದ್ರು, ಕೊಡೆ ಮರೆತು. 1 ಇಂಚು 10 ಸೆಂಟು. ಈ ಸಲ ಗುಂಪಿನಲ್ಲಿ ಅವರೇ ಮೊದಲು ಹಾಕಿದ್ದು. ಪಕ್ಕದ ಊರಿಗೆ ಬರೀ 30 ಅಂತೆ, ಪಾಪ.

ಇನ್ನು ಹೂ ಮುಗಿಯುವವರೆಗೆ ಔಷಧಿ ಹೊಡೆಯೋದು ಬಂದ್. ಹೂವಿಗೆ ಹೆಜ್ಜೇನು, ತುಡುವೆ ಎರಡೂ ಬರಬೇಕು. ಬಂದು ನೋಡುವವರು ಮುಂದಿನ ವಾರದ ಕೊನೆಗೆ ಬನ್ನಿ. ತೋಟದ ಮಾಲೀಕರನ್ನ ಕೇಳದೆ ಗಿಡದ ನಡುವೆ ನುಗ್ಗಿ ಫೋಟೋ ತೆಗೀಬೇಡಿ, ಹೂ ಉದುರಿದರೆ ಅದು ನಮ್ಮ ಕಾಯಿ.

ಹೊಂಗೆ ನೆರಳು, ಬೆಂಗಳೂರು | ಶನಿವಾರ, ಬೆಳಿಗ್ಗೆ 8:10

ಅಭಿನಂದನೆ ಅಕ್ಕ! ಇಲ್ಲಿ ಮಳೆ ಇಲ್ಲ. ನಾನು ಹಿಡಿದ ಹೊಂಗೆ ಕೊನೆಗೂ ಬೋಳಾಯ್ತು.

ಹುಣಸೆಬೀಜ, ಮೈಸೂರು | ಶನಿವಾರ, ಸಂಜೆ 5:30

ಮೊಮ್ಮಗನಿಗೆ ಬಾಗಲಕೋಟೆಯ ಹಲಗಿ ವಿಷಯ ಓದಿ ಹೇಳಿದೆ. ಈಗ ಹೋಳಿಗೆ ಅಲ್ಲಿಗೇ ಹೋಗಬೇಕು ಅಂತ ಹಟ. ಮೈಸೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ, ರೈಲಿನ ಚಿಂತೆ ಇಲ್ಲ. ಬಣ್ಣ ಹೇಗಿರುತ್ತೆ, ಮಕ್ಕಳಿಗೆ ಆಗುತ್ತಾ ಅಣ್ಣ?

ಹಲಗಿ ಸಪ್ಪಳ, ಬಾಗಲಕೋಟೆ | ಶನಿವಾರ, ರಾತ್ರಿ 9:50

ಬರ್ರಿ ಸರ, ಮನಿ ಇದೆ. ಆದರೆ ತಿಳಿದು ಬರ್ರಿ. ನಮ್ಮಲ್ಲಿ ಬಣ್ಣ ಒಂದು ದಿನಕ್ಕೆ ಮುಗಿಯೋದಿಲ್ಲ. ಬಂಡಿ, ಟ್ರ್ಯಾಕ್ಟರ್ ಮೇಲೆ ಬ್ಯಾರೆಲ್‌ಗಟ್ಟಲೆ ಬಣ್ಣದ ನೀರು ತುಂಬಿಕೊಂಡು ಬರ್ತಾರೆ. ಆ ಗದ್ದಲದೊಳಗೆ ಸಣ್ಣ ಹುಡುಗನ್ನ ಬಿಡಬ್ಯಾಡ್ರಿ. ನಮ್ಮ ಮಾಳಿಗಿ ಮ್ಯಾಲೆ ನಿಂತು ನೋಡಿದರೆ ಎಲ್ಲಾ ಕಾಣಿಸುತ್ತೆ, ಅಲ್ಲಿಂದ ಅವನೂ ಒಂದು ಬಕೆಟ್ ಸುರೀಬಹುದು.

ಬಿಸಾಕೋ ಅಂಗಿ ಹಾಕ್ಕೊಂಡು ಬರ್ರಿ. ಹಿಂದಿನ ರಾತ್ರಿ ತಲಿಗೆ, ಮೈಗೆ ಕೊಬ್ಬರಿ ಎಣ್ಣಿ ಹಚ್ಕೊಂಡ್ರೆ ಬಣ್ಣ ಲಗು ಹೋಗುತ್ತೆ. ಕನ್ನಡಕಕ್ಕೆ ದಾರ ಕಟ್ಕೊಳ್ರಿ. ಮತ್ತೆ ಆ ಹುಣಸಿ ಬೀಜದ ಕವಡಿ ತರ್ರಿ. ನಮ್ಮ ಅವ್ವ ಚೌಕಾಬಾರಾ ಅಂದ್ರೆ ಕೌದಿ ಬಿಟ್ಟು ಏಳ್ತಾಳೆ, ಅವಳ ಕೈಯಾಗ ಬಾರಾ ಭಾಳ ಬೀಳುತ್ತೆ.

ಹುಣಸೆಬೀಜ, ಮೈಸೂರು | ಶನಿವಾರ, ರಾತ್ರಿ 10:05

ಕಾಯಿ ಹೊಡೆಯದೆ ಒಳಸುತ್ತಿಗೆ ಬಿಡ್ತಾರಾ ಅವರು? ಅದನ್ನ ಮೊದಲು ಕೇಳಿ ಹೇಳಿ. ಆಮೇಲೆ ಟಿಕೆಟ್ ಮಾಡಿಸ್ತೀನಿ.